ಕಂಪು ಎಂಬ ಪದಕ್ಕೆ ಹುಲುಗೇಶ್ ಹೇಳಿದ ಅರ್ಥ

ಹುಲುಗೇಶನ ಬಗ್ಗೆ ಬರೆಯುವುದಾದರೆ ಅವನ ಕೆಂಪು ಪೆನ್ನಿನಿಂದಲೇ ಶುರು ಮಾಡಬೇಕು. ಇಷ್ಟು ವರ್ಷಗಳಲ್ಲಿ ಅವನ ಮೇಲೆ ನನಗೆ ಬಂದ ಸಿಟ್ಟಿನಲ್ಲಿ ಮುಕ್ಕಾಲು ಪಾಲು ಆ ಪೆನ್ನಿನಿಂದ ಬಂದದ್ದು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಪ್ರಿಂಟಿಂಗ್ ಪ್ರೆಸ್ ಇದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಉರುಸಿನ ಪೋಸ್ಟರು, ಹೊಸ ಅಂಗಡಿಯ ಕರಪತ್ರ, ಏನು ಬೇಕಾದರೂ ಮಾಡಿಕೊಡುತ್ತೇವೆ. ಹುಲುಗೇಶ್ ಒಳಗೆ ಬಂದರೆ ಕುರ್ಚಿ ಎಳೆದುಕೊಳ್ಳುವ ಮೊದಲೇ ಮೇಜಿನ ಮೇಲಿನ ಯಾರದೋ ಲಗ್ನಪತ್ರಿಕೆ ಎತ್ತಿಕೊಂಡು 'ಆಶೀರ್ವಾದ'ದಲ್ಲಿ ದೀರ್ಘ ಸರಿಯಾಗಿದೆಯೋ ಇಲ್ಲವೋ ನೋಡುತ್ತಾನೆ. ವರ ಯಾರು, ವಧು ಯಾರು ಅವನಿಗೆ ಬೇಡ. ತಪ್ಪು ಸಿಕ್ಕರೆ ಮುಖ ಅರಳುತ್ತದೆ, ಸಿಗದಿದ್ದರೆ ಚಹಾ ಕೇಳುತ್ತಾನೆ.

ಅವನು ಕುರುಗೋಡಿನಲ್ಲಿ ಒಂದು ಟ್ರಸ್ಟಿನವರು ನಡೆಸುವ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಕಾಲೇಜಿನ ಹೆಸರು ಇಲ್ಲಿ ಬೇಡ. ನಾವಿಬ್ಬರೂ ತೊಂಬತ್ತರ ದಶಕದಲ್ಲಿ ಬಳ್ಳಾರಿಯಲ್ಲಿ ಒಟ್ಟಿಗೆ ಬಿ.ಎ. ಓದಿದವರು. ಆಗ ನಮ್ಮದೊಂದು ವಿದ್ಯಾರ್ಥಿ ಪತ್ರಿಕೆ ಇತ್ತು, 'ಜ್ಞಾನದೀಪ್ತಿ' ಅಂತ. ನಾಲ್ಕೇ ಪುಟ. ಹುಲುಗೇಶ್ ಸಂಪಾದಕ, ನಾನು ಸಹಸಂಪಾದಕಿ, ಅಂದರೆ ಅವನ ಜೊತೆ ಜಗಳ ಆಡುವವಳು. ನಮ್ಮ ಅಬ್ಬಾ ಅಮೀರಸಾಬ್ ಇದೇ ಕಟ್ಟಡದಲ್ಲಿ ಒಂದೊಂದೇ ಅಚ್ಚುಮೊಳೆ ಜೋಡಿಸಿ ಅದನ್ನು ಅಚ್ಚು ಮಾಡಿಕೊಡುತ್ತಿದ್ದರು.

ಹುಲುಗೇಶ್ ಬಳ್ಳಾರಿ ಹತ್ತಿರದ ಮೋಕ ಊರಿನವನು. ಅವ್ವ ಅಪ್ಪ ಇಬ್ಬರೂ ಕೂಲಿ. ಮನೆಯಲ್ಲಿ ಆಡುತ್ತಿದ್ದದ್ದು ನಮ್ಮ ಬಳ್ಳಾರಿ ಸೀಮೆಯ ಮಾತು, ಅರ್ಧ ಕನ್ನಡ, ಅರ್ಧ ತೆಲುಗು, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಆಡುವವರಿಗೇ ತಿಳಿಯದು. ಮೊದಲ ವರ್ಷದ ಪ್ರಬಂಧದಲ್ಲಿ ಅವನು "ನಾನು ಚದುವಲು ಪಟ್ಟಣಕ್ಕೆ ಬಂದೆನು" ಎಂದು ಬರೆದಿದ್ದ. ಚದುವು ಅಂದರೆ ತೆಲುಗಿನಲ್ಲಿ ಓದು. ಮೈಸೂರು ಕಡೆಯ ಲೆಕ್ಚರರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಚಪ್ಪಾಳೆ ಗಿಟ್ಟಿಸಿಕೊಂಡರು. ಅವತ್ತಿನಿಂದ ಹುಲುಗೇಶ್ ಮನೆಯ ಮಾತನ್ನು ಮನೆಯಲ್ಲೇ ಬಿಟ್ಟು ಬರಲು ಕಲಿತ. ಮೂರನೇ ವರ್ಷಕ್ಕೆ ಆ ಲೆಕ್ಚರರ ತಪ್ಪನ್ನೇ ತಿದ್ದುವಷ್ಟು ಕನ್ನಡ ಬಂತು. ನನಗೆ ಅವನ ಬಗ್ಗೆ ಅಭಿಮಾನ ಇಲ್ಲ ಅಂತಲ್ಲ. ಆದರೆ ಹೊಟ್ಟೆಯಲ್ಲಿ ಅಷ್ಟು ದಿನ ಹುಳಿ ಹಿಡಿದದ್ದನ್ನು ಮೇಷ್ಟ್ರಾದ ಮೇಲೆ ಅವನು ಪಾಪದ ಹುಡುಗರ ಮೇಲೆ ಕಾರಿದ. ಅದಕ್ಕೆ ನನ್ನ ಸಿಟ್ಟು.

ಈಗ ಅವನ ಕಾಲೇಜಿನ ಹುಡುಗರೂ ಒಂದು ಪತ್ರಿಕೆ ತರುತ್ತಾರೆ, 'ಕಾಲೇಜ್ ಕಟ್ಟೆ'. ಅದೂ ನನ್ನ ಪ್ರೆಸ್ಸಿನಲ್ಲೇ ಅಚ್ಚಾಗುತ್ತದೆ. ಫೋನಿನಲ್ಲಿ ಓಡಾಡುವುದು ಪತ್ರಿಕೆಯಲ್ಲ, ಕೈಗೆ ಮಸಿ ಹತ್ತಬೇಕು ಎಂದು ಹಟ ಹಿಡಿದು ಅದನ್ನು ಶುರು ಮಾಡಿಸಿದವನು ಹುಲುಗೇಶನೇ. ಶುರು ಮಾಡಿಸಿದ ಮೇಲೆ ಪ್ರತಿ ತಿಂಗಳೂ ಅದನ್ನು ಹಿಡಿದುಕೊಂಡು ನನ್ನೆದುರು ಗೋಳಾಡುತ್ತಾನೆ.

"ನಮ್ ಕಾಲದ ಪತ್ರಿಕಿ ಎಲ್ಲಿ, ಇದೆಲ್ಲಿ ಶಬಾನಾ. ಒಂದ್ ವಾಕ್ಯ ನೆಟ್ಟಗ ನಿಂದ್ರಂಗಿಲ್ಲ."

ಎರಡನ್ನೂ ಅಚ್ಚು ಮಾಡಿದ ಮನೆ ನಮ್ಮದು. ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಜ್ಞಾನದೀಪ್ತಿಯಲ್ಲಿ ಕಾಗುಣಿತದ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. 'ರಾಷ್ಟ್ರ ನಿರ್ಮಾಣದಲ್ಲಿ ಯುವಜನರ ಪಾತ್ರ' ಎಂಬ ಲೇಖನ ಬರುತ್ತಿತ್ತು, ಬೇರೆ ಬೇರೆ ಹುಡುಗರ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಚಂದ್ರನ ಮೇಲೆ ಕವಿತೆ ತಪ್ಪದೆ ಇರುತ್ತಿತ್ತು. ಕಾಲೇಜ್ ಕಟ್ಟೆಯಲ್ಲಿ ಅರ್ಧ ಪುಟ ಕಸ. ಯಾವುದೋ ಪುಢಾರಿಯ ಹುಟ್ಟುಹಬ್ಬದ ಶುಭಾಶಯ, ಫೋನಿನಿಂದ ಎತ್ತಿದ ಶಾಯರಿ. ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಯುತ್ತಿರುತ್ತವೆ. ಆದರೆ ಉಳಿದ ಅರ್ಧದಲ್ಲಿ ಲೈಬ್ರರಿಯ ಬೀಗ ಯಾರ ಜೇಬಿನಲ್ಲಿದೆ, ಹುಡುಗಿಯರ ಶೌಚಾಲಯಕ್ಕೆ ಚಿಲಕ ಯಾಕಿಲ್ಲ, ಸಂಜೆಯ ಬಸ್ಸು ಕೈ ತೋರಿಸಿದರೂ ಯಾಕೆ ನಿಲ್ಲುವುದಿಲ್ಲ ಎಂಬುದೆಲ್ಲ ಇರುತ್ತದೆ. ಇದನ್ನು ಹೇಳಿದರೆ ಹುಲುಗೇಶ್, "ಅದು ಸುದ್ದಿ, ಬರವಣಿಗಿ ಅಲ್ಲ" ಎನ್ನುತ್ತಾನೆ.

ಒಮ್ಮೆ ನಾನು ಪಂಪಣ್ಣನ ಹೆಸರು ಎತ್ತಿದ್ದೆ. ಪಂಪಣ್ಣ ಹುಲುಗೇಶನ ಹಾಸ್ಟೆಲ್ ರೂಮಿನವನು, ನಮ್ಮ ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕು. ಹಾಸ್ಟೆಲಿನ ನೀರು ಕುಡಿದು ಆ ವರ್ಷ ಬಹಳ ಹುಡುಗರಿಗೆ ಕಾಮಾಲೆ ಆಯಿತು. ಊರಿಗೆ ಹೋದ ಪಂಪಣ್ಣ ಸುಧಾರಿಸಿಕೊಂಡ, ಆದರೆ ಕಾಲೇಜಿಗೆ ತಿರುಗಿ ಬರಲಿಲ್ಲ. ಆ ಸಲದ ಜ್ಞಾನದೀಪ್ತಿಯ ಮುಖಪುಟದಲ್ಲಿ ಇದ್ದದ್ದು 'ವರ್ಷಧಾರೆಯ ಸೊಬಗು'. ನಾನು ಇದನ್ನು ನೆನಪಿಸಿದಾಗ ಹುಲುಗೇಶ್ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋಗಿದ್ದ.

ಈ ವರ್ಷ ಫೆಬ್ರವರಿಯಲ್ಲಿ ಅವನಿಗೆ ಬಳ್ಳಾರಿಯಲ್ಲಿ ಪೇಪರ್ ವ್ಯಾಲ್ಯುಯೇಷನ್ ಇತ್ತು. ಹಾಗಾಗಿ ಆ ತಿಂಗಳ ಕಾಲೇಜ್ ಕಟ್ಟೆ ಅವನ ಕೆಂಪು ಪೆನ್ನು ದಾಟದೆ ಸೀದಾ ನನ್ನ ಫೋನಿಗೆ ಬಂತು. ಕಳಿಸಿದವಳು ಅಕ್ಷಿತಾ, ಕೊನೆಯ ವರ್ಷದ ಬಿ.ಎ. ಹುಡುಗಿ, ಪತ್ರಿಕೆಯ ಸಂಪಾದಕಿ. ಸಿರುಗುಪ್ಪ ತಾಲ್ಲೂಕಿನ ಕರೂರಿನವಳು. ಕಾಲೇಜಿನ ಹಾಸ್ಟೆಲಿನಲ್ಲಿದ್ದಳು. ಎರಡನೇ ಪುಟದ ಮೂಲೆಯಲ್ಲಿ ಅವಳು ಬರೆದ ಒಂದು ಸಣ್ಣ ಸುದ್ದಿ ಇತ್ತು.

"ಹಾಸ್ಟೆಲ್ ನೀರಿನ ಕಂಪು ಈಗ ಎಲ್ಲರಿಗು ಗೊತ್ತು. ಮುಂಜಾನೆ ಟ್ಯಾಂಕಿನ ಮುಚ್ಚಳ ತೆಗೆದರೆ ಕಂಪು ಗೇಟಿನ ತನಕ ಬರುತ್ತದೆ. ಕಾರ್ಯದರ್ಶಿಗಳು ಒಂದು ದಿನ ಬಂದು ನಮ್ಮ ಜೊತೆ ಒಂದು ಗ್ಲಾಸ್ ಕುಡಿಯಬೇಕಾಗಿ ವಿನಂತಿ."

ಓದಿ ನಾನು ನಕ್ಕೆ. ನಮ್ಮ ಕಡೆಯವರು ಯಾರೇ ಓದಿದರೂ ನಗಬೇಕು, ಇಲ್ಲವೇ ಮೂಗು ಮುಚ್ಚಿಕೊಳ್ಳಬೇಕು. ಕನ್ನಡ ಪುಸ್ತಕದಲ್ಲಿ ಕಂಪು ಅಂದರೆ ಪರಿಮಳ, ಮಲ್ಲಿಗೆಯದು, ಶ್ರೀಗಂಧದ್ದು. ತೆಲುಗಿನಲ್ಲಿ ಕಂಪು ಅಂದರೆ ನಾತ. ಅಕ್ಷಿತಾಳ ಮನೆಯಲ್ಲಿ ಗಟಾರಕ್ಕೆ, ಸತ್ತ ಇಲಿಗೆ, ಹಳಸಿದ ಸಾರಿಗೆ ಬಳಸುವ ಪದ ಅದೇ. ಅವಳು ಅದನ್ನು ಒಳ್ಳೆಯ ಕನ್ನಡ ಎಂದುಕೊಂಡೇ ಬರೆದಿದ್ದಳು. ನಾನು ಹಾಗೆಯೇ ಅಚ್ಚು ಹಾಕಿ ಕಳಿಸಿದೆ.

ಎರಡು ದಿನ ಕಳೆದು ಹುಲುಗೇಶ್ ಪತ್ರಿಕೆ ಹಿಡಿದುಕೊಂಡು ಪ್ರೆಸ್ಸಿಗೆ ನುಗ್ಗಿದ. ಮುಖ ಕೆಂಡವಾಗಿತ್ತು.

"ಕಂಪಂತ ಕಂಪು. ಮೂರ್ ವರ್ಷ ಪಾಠ ಹೇಳೀನಿ ಆ ಹುಡುಗಿಗೆ. ದುರ್ವಾಸನೆ ಅಂತ ಬರೀಬೇಕಂತ ಗೊತ್ತಾಗಂಗಿಲ್ಲೇನು?"

"ನೀರು ನಾತ ಐತಿ ಅಂತ ಬರದಾಳ. ನಿನಗ ನೀರಿನ ಮ್ಯಾಲ ಸಿಟ್ಟೋ, ಪದದ ಮ್ಯಾಲ ಸಿಟ್ಟೋ?" ಎಂದೆ.

ಅವನು ಉತ್ತರ ಹೇಳುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಟ್ರಸ್ಟಿನ ಕಾರ್ಯದರ್ಶಿ ದೊಡ್ಡಬಸವರಾಜ. ಪ್ರೆಸ್ಸಿನ ಸದ್ದಿಗೆ ಕೇಳಿಸದೆ ಹುಲುಗೇಶ್ ಸ್ಪೀಕರ್ ಹಾಕಿದ. ದೊಡ್ಡಬಸವರಾಜರು ದನಿ ಏರಿಸುವವರಲ್ಲ. ಅವರು ಮೆತ್ತಗೆ ಮಾತಾಡಿದಷ್ಟೂ ಕಾಲೇಜಿನಲ್ಲಿ ಎಲ್ಲರಿಗೂ ನಡುಕ.

"ಮೇಷ್ಟ್ರೇ, ನಿಮ್ ಹುಡುಗಿ ನಮ್ ನೀರಿಗೆ ಕಂಪು ಅಂದಾಳ. ಊರ ತುಂಬ ಫೋನಿನಾಗ ಓಡಾಡಾಕ ಹತ್ತೈತಿ. ಸೋಮವಾರ ಯೂನಿವರ್ಸಿಟಿಯಿಂದ ಕಾಲೇಜು ನೋಡಾಕ ಸಮಿತಿಯವ್ರು ಬರ್ತಾರ. ಅವರ ಫೋನಿಗೂ ಮುಟ್ಟೈತಂತ. ಈಗ ನಾ ಏನ್ ಮಾಡ್ಲಿ?"

"ಸರ್, ಹುಡುಗಿ ತಿಳೀಲಾರ್ದ..."

"ಹುಡುಗೀನ ಮನಿಗೆ ಕಳಿಸೀನಿ. ರೂಮಿಗೆ ಬೀಗ ಬಿದ್ದೈತಿ. ಸೀಟು ಕ್ಯಾನ್ಸಲ್ ಮಾಡೋದಕ್ಕ ಇನ್ನೂ ಸೈನ್ ಮಾಡಿಲ್ಲ ನೋಡ್ರಿ."

ಹುಲುಗೇಶನ ಮುಖದ ಕೆಂಪು ಇಳಿದುಹೋಯಿತು. ಪರೀಕ್ಷೆ ಹತ್ತಿರವಿತ್ತು. ಕರೂರಿನಿಂದ ಕುರುಗೋಡಿಗೆ ದಿನಾ ಓಡಾಡಿ ಓದುವುದು ಆಗದ ಮಾತು. ಸಿರುಗುಪ್ಪಕ್ಕೆ ಒಂದು ಬಸ್ಸು, ಅಲ್ಲಿಂದ ಕಾದು ಇನ್ನೊಂದು ಬಸ್ಸು. ಮೊದಲ ವರ್ಷ ಅಕ್ಷಿತಾ ಹಾಗೆ ಮಾಡಿ ನೋಡಿದ್ದಳು. ಹಾಜರಾತಿ ಸಾಲದಾದಾಗ ಹುಲುಗೇಶನೇ ಓಡಾಡಿ ಅವಳಿಗೆ ಹಾಸ್ಟೆಲ್ ಸೀಟು ಕೊಡಿಸಿದ್ದ. ಆ ಸೀಟು ಹೋದರೆ ಅವಳು ಅವ್ವನ ಜೊತೆ ಗದ್ದೆಗೆ ಇಳಿಯುವುದೇ ಸೈ.

ಆಗ ಅವನ ಬಾಯಿಂದ ಅದು ಬಂತು. ಉಪಾಯ ಮಾಡಿ ಹೇಳಿದ್ದಲ್ಲ, ಅವನ ಹಳೆಯ ಚಾಳಿ ಅಷ್ಟೆ. "ಸರ್, ಹಂಗ ನೋಡಿದ್ರ ಕಂಪು ಅಂದ್ರ ಸುವಾಸನಿ ಅಲ್ರಿ? ಪುಸ್ತಕದ ಕನ್ನಡದಾಗ ಅದು ಹೊಗಳಿಕಿ ಮಾತು."

ಆ ಕಡೆ ದೊಡ್ಡಬಸವರಾಜರು ನಕ್ಕರು.

"ನೀವು ಕನ್ನಡ ಮೇಷ್ಟ್ರು. ನೀವು ಏನ್ ಹೇಳ್ತೀರೋ ಅದ ಅರ್ಥ. ಸೋಮವಾರ ಅವ್ರ ಮುಂದ ಹುಡುಗೀನೂ ಇದನ್ನ ಹೇಳ್ಲಿ, ನೀವೂ ಇದನ್ನ ಹೇಳ್ರಿ. ಪ್ರೆಸ್ಸಿನ ಅಮ್ಮನ್ನೂ ಕರ್ಕೊಂಡ್ ಬರ್ರಿ, ಪತ್ರಿಕಿ ಕೆಳಗ ಅವರ ಹೆಸರು ಐತಿ. ಸೀಟು ಎಲ್ಲೂ ಹೋಗಂಗಿಲ್ಲ."

ಫೋನು ಇಟ್ಟ ಮೇಲೆ ನಾನು ಅವನನ್ನು ಬೈದೆ. ಊರೆಲ್ಲ ಮೂಗು ಮುಚ್ಚಿಕೊಂಡಿರುವಾಗ ಇವನು ನಿಘಂಟು ಹಿಡಿದು ಊದುಬತ್ತಿ ಹಚ್ಚಲು ಹೊರಟಿದ್ದಾನೆ ಎಂದೆ. ಉಳಿದ ಹುಡುಗಿಯರು ಅದೇ ನೀರು ಕುಡಿಯುತ್ತಿರಬೇಕೋ ಎಂದು ಕೇಳಿದೆ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಆಕಿ ಪರೀಕ್ಷಿ ಮುಗೀಲಿ ಶಬಾನಾ. ಆಮ್ಯಾಲ ಸತ್ಯಾ ಗಿತ್ಯಾ ನೋಡೋಣು. ನೀನು ಸುಮ್ನ ನನ್ ಜೊತಿ ಬಾ. ಹೆಣ್ಮಗಳು ಒಬ್ಬಾಕಿ ಇದ್ರ ಅವರವ್ವ ಕಳಿಸ್ತಾಳ."

ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಹೋದೆವು, ಅಲ್ಲಿಂದ ಆಟೋದಲ್ಲಿ ಕರೂರಿಗೆ. ದಾರಿಯ ಎರಡೂ ಕಡೆ ಗದ್ದೆಯಲ್ಲಿ ಕಾಲುವೆ ನೀರು ನಿಂತಿತ್ತು. ಹೆಂಗಸರು ಸಾಲಾಗಿ ಬಗ್ಗಿ ಕಳೆ ಕೀಳುತ್ತಿದ್ದರು. ಹುಲುಗೇಶ್ ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಬಾಯಲ್ಲೇ ತಿದ್ದುತ್ತ ಕೂತಿದ್ದ. "ಪ್ರಸ್ತುತ ಬರಹದಲ್ಲಿ ಕಂಪು ಎಂಬ ಪದವನ್ನು ಪ್ರಶಂಸಾತ್ಮಕವಾಗಿ ಬಳಸಲಾಗಿದೆ." ನಾನು ಗದ್ದೆಗಳ ಕಡೆ ಮುಖ ತಿರುಗಿಸಿಕೊಂಡೆ.

ಅಕ್ಷಿತಾಳ ಅವ್ವ ಜೋಗಮ್ಮ ಅವತ್ತು ಕೂಲಿಗೆ ಹೋಗಿರಲಿಲ್ಲ. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಅಕ್ಷಿತಾಳ ಎಸ್ಸೆಸ್ಸೆಲ್ಸಿ ಫೋಟೋ. ನಮ್ಮಿಬ್ಬರಿಗೂ ಚಾಪೆ ಹಾಸಿ ಜೋಗಮ್ಮ ಬಾಗಿಲಲ್ಲಿ ಕೂತಳು. ಹುಡುಗಿ ಗೋಡೆಗೊರಗಿ ನಿಂತಿದ್ದಳು. ಹುಲುಗೇಶ್ ಪಾಠ ಹೇಳಿದ ಹಾಗೆ ಎಲ್ಲ ಬಿಡಿಸಿ ಹೇಳಿದ. ಅವಳು ಕೊನೆಯ ತನಕ ಕೇಳಿಸಿಕೊಂಡಳು.

"ಸರ್, ನಮ್ಮನ್ಯಾಗ ಕಂಪಂದ್ರ ನಾತ."

"ಗೊತ್ತೈತಿ. ಪುಸ್ತಕದಾಗ ಹಂಗಿಲ್ಲ. ನೀ ಸುಳ್ಳು ಹೇಳ್ದಂಗ ಆಗಂಗಿಲ್ಲ."

"ಆದ್ರ ನಾ ಪುಸ್ತಕ ನೋಡಿ ಬರದಿಲ್ಲಲ್ರಿ. ಟ್ಯಾಂಕ್ ನೋಡಿ ಬರದೀನಿ."

ಹುಲುಗೇಶ್ ನನ್ನ ಕಡೆ ನೋಡಿದ. ನಾನು ಅವನ ಸಹಾಯಕ್ಕೆ ಹೋಗಲಿಲ್ಲ. ಮಾತಾಡಿದವಳು ಜೋಗಮ್ಮ.

"ಸೀಟು ಉಳೀತೈತೇನ್ರಿ ಸಾರು?"

"ಉಳೀತೈತವ್ವಾ. ಸೆಕ್ರೆಟ್ರಿ ಮಾತು ಕೊಟ್ಟಾರ."

"ಹಂಗಾದ್ರ ಹೇಳು ಮಗಳ. ಒಂದ್ ಮಾತು. ಹೇಳಿ ಬಾ. ಈಗಾಗ್ಲೆ ನಿಮ್ ಕಾಕಗೋಳು ಗಂಡಿನ ಮನಿ ಮಾತು ತೆಗದಾರ. ಓದು ಮುಗೀಲಾರ್ದ ನೀ ಈ ಬಾಗಲಾಗ ಕೂತ್ರ ನಾ ಯಾರಿಗಂತ ಜವಾಬು ಕೊಡ್ಲಿ?"

ಅಕ್ಷಿತಾ ಅವ್ವನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ಬ್ಯಾಗು ತಂದಳು. ಅವಳು ಜಗಳ ಆಡಿದ್ದರೂ ವಾಸಿಯಿತ್ತು.

ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಕುರುಗೋಡಿನ ಬಸ್ಸು ಹೋಗಿಬಿಟ್ಟಿತ್ತು. ಸಮಿತಿಯವರು ಮಧ್ಯಾಹ್ನಕ್ಕೆ ಬರುವವರು. ದೊಡ್ಡಬಸವರಾಜರ ಫೋನು ಬಂತು, "ಎಲ್ಲಿದ್ದೀರಿ ಮೇಷ್ಟ್ರೇ" ಎಂದಿಷ್ಟೇ ಕೇಳಿ ಇಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಹುಲುಗೇಶನ ಅಂಗಿಯ ಬೆನ್ನು ಪೂರಾ ಒದ್ದೆ. ಕಡೆಗೆ ತೆಕ್ಕಲಕೋಟೆಗೆ ಹೋಗುವ ಬಸ್ಸು ಹತ್ತಿ, ಅಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆವು. ಅದರಲ್ಲಿ ಮೂವರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು.

ಹುಡುಗಿಯ ಬಾಯಿ ಬಿಡಿಸಲೆಂದೋ, ತನ್ನ ಪುಕಪುಕಿ ಮುಚ್ಚಿಕೊಳ್ಳಲೆಂದೋ ಹುಲುಗೇಶ್ ಜ್ಞಾನದೀಪ್ತಿಯ ಕತೆ ತೆಗೆದ. ಅಚ್ಚುಮೊಳೆ, ಅಬ್ಬಾ, ಮೂರು ಸಲ ಪ್ರೂಫ್ ನೋಡುತ್ತಿದ್ದದ್ದು. ಅಕ್ಷಿತಾ ಕೇಳಿದಳು, "ಸರ್, ಆವಾಗ ನೀವೂ ಹಾಸ್ಟೆಲ್ಲಿನಾಗ ಇದ್ರಿ ಅಲ್ರಿ? ಹಾಸ್ಟೆಲ್ ನೀರಿನ ಬಗ್ಗೆ ಏನಂತ ಬರದಿದ್ರಿ?"

"ನಮ್ ಪತ್ರಿಕಿದಾಗ ಒಂದ್ ಕಾಗುಣಿತದ ತಪ್ಪು ಇರ್ತಿರ್ಲಿಲ್ಲ ನೋಡು."

"ಅದಲ್ರಿ ಸರ್. ನೀರಿನ ಬಗ್ಗೆ ಕೇಳಿದ್ನಿ."

ಹುಲುಗೇಶ್ ಕಿಟಕಿಯ ಸರಳು ಹಿಡಿದುಕೊಂಡ. ಅವನು ನನ್ನ ಕಡೆ ತಿರುಗುತ್ತಾನೆ, ನಾನು ಏನಾದರೂ ಹೇಳಿ ಮಾತು ಮರೆಸಲಿ ಎಂದು ಕಾಯುತ್ತಾನೆ ಅಂದುಕೊಂಡೆ. ತಿರುಗಲಿಲ್ಲ. ಕುರುಗೋಡಿನ ಬಂಡೆಗುಡ್ಡ ಕಾಣುವವರೆಗೂ ಆ ಸರಳು ಬಿಡಲಿಲ್ಲ.

ಕಾರ್ಯದರ್ಶಿಗಳ ಕೋಣೆಯಲ್ಲಿ ಸಮಿತಿಯ ಮೂವರು ಆಗಲೇ ಕೂತಿದ್ದರು. ಮೇಜಿನ ಮೇಲೆ ಗೋಡಂಬಿ, ಬಿಸ್ಕತ್ತು, ಸೀಲು ಒಡೆಯದ ನೀರಿನ ಬಾಟಲಿಗಳು. ಪಕ್ಕದ ಕುರ್ಚಿಯಲ್ಲಿ ಸನ್ಮಾನದ ಶಾಲುಗಳನ್ನು ಮಡಿಸಿಟ್ಟಿದ್ದರು. ನಮ್ಮನ್ನು ನಿಲ್ಲಿಸಿಯೇ ಮಾತಾಡಿಸಿದರು. ಮೂವರಲ್ಲಿ ಒಬ್ಬರು ಮೈಸೂರು ಕಡೆಯ ಮಾತಿನ ಮೇಡಂ, ಕನ್ನಡ ಪ್ರಾಧ್ಯಾಪಕಿ. ಅವರು ಫೋನಿನಲ್ಲಿ ಅಕ್ಷಿತಾಳ ಸುದ್ದಿಯನ್ನು ತೆಗೆದು ಗಟ್ಟಿಯಾಗಿ ಓದಿದರು. ಮೂವತ್ತು ವರ್ಷದ ಹಿಂದಿನ ಆ ತರಗತಿ ಹುಲುಗೇಶನಿಗೆ ಕಣ್ಣ ಮುಂದೆ ಬಂದಿರಬೇಕು.

ದೊಡ್ಡಬಸವರಾಜರು ಕೈ ಜೋಡಿಸಿದ ಹಾಗೆ ಮಾಡಿ, "ಹುಡುಗಿ ಸ್ವಲ್ಪ ಕವಿ ಸ್ವಭಾವ್ರಿ ಮೇಡಂ. ನಮ್ ನೀರು ಅಷ್ಟು ಸ್ವಚ್ಛ ಐತಿ ಅಂತ ಹೊಗಳಿ ಬರದಾಳ. ಮಂದಿ ತಪ್ಪು ತಿಳ್ಕೊಂಡಾರ" ಎಂದರು.

ಮೇಡಂ ಅಕ್ಷಿತಾಳ ಕಡೆ ತಿರುಗಿದರು. "ಹೌದೇನಮ್ಮ? ಹೊಗಳಿದ್ದಾ ನೀನು?"

ಅಕ್ಷಿತಾ ಹುಲುಗೇಶನ ಕಡೆ ನೋಡಿದಳು. ಅವಳು ಸುಳ್ಳು ಹೇಳಿಬಿಡಲಿ ಎಂದು ನಾನೇ ಆಗ ಬೇಡಿಕೊಂಡೆ, ಸತ್ಯದ ಬಗ್ಗೆ ಅಷ್ಟು ಭಾಷಣ ಮಾಡಿದ್ದ ನಾನು. ಜೋಗಮ್ಮನ ಮುಖ ಕಣ್ಣೆದುರು ಇತ್ತು.

"ಅವರನ್ನ ಯಾಕೆ ನೋಡ್ತೀಯ? ಸರಿ, ನೀವೇ ಹೇಳಿ ಮೇಷ್ಟ್ರೇ. ನಿಮ್ಮ ಕಡೆ ಕಂಪು ಅಂದರೆ ಏನು?"

ಹುಲುಗೇಶ್ ಗಂಟಲು ಸರಿ ಮಾಡಿಕೊಂಡ. "ನಿಘಂಟಿನ ಪ್ರಕಾರ ಕಂಪು ಎಂದರೆ ಪರಿಮಳ, ಸುಗಂಧ. ಪ್ರಸ್ತುತ ಬರಹದಲ್ಲಿ..." ಎಂದು ಶುರು ಮಾಡಿದ. ದೊಡ್ಡಬಸವರಾಜರು ಹಿಂದಕ್ಕೆ ಒರಗಿ ಕೂತರು.

"ನಿಘಂಟು ನನ್ನ ಹತ್ತಿರಾನೂ ಇದೆ. ನಿಮ್ಮ ಕಡೆ ಏನು ಅಂತ ಕೇಳಿದೆ" ಎಂದರು ಮೇಡಂ.

ಹುಲುಗೇಶ್ ತಲೆ ತಗ್ಗಿಸಿ ನಿಂತ. ಮತ್ತೆ ತಲೆ ಎತ್ತಿ ಅವನು ಮಾತಾಡಿದ ಕನ್ನಡವನ್ನು ನಾನು ಅವನ ಬಾಯಲ್ಲಿ ದೊಡ್ಡವರ ಮುಂದೆ ಯಾವತ್ತೂ ಕೇಳಿರಲಿಲ್ಲ. ಅದು ಮೋಕದ ಕನ್ನಡ.

"ನಾತ, ಮೇಡಂ. ನಮ್ಮನ್ಯಾಗ ಕಂಪಂದ್ರ ನಾತ. ಗಟಾರ ಕಟ್ಕೊಂಡ್ರ ನಮ್ಮವ್ವ ಕಂಪು ಅಂತಿದ್ಲು. ನಾನೂ ಹಂಗ ಅಂತಿದ್ನಿ. ಈ ಹುಡುಗಿ ಸರಿಯಾಗೇ ಬರದಾಳ. ಟ್ಯಾಂಕು ಹಾಸ್ಟೆಲ್ ಮ್ಯಾಲ ಐತಿ, ಬರ್ರಿ, ತೋರಿಸ್ತೀನಿ."

ದೊಡ್ಡಬಸವರಾಜರು ಕದಲಲಿಲ್ಲ. ಮೇಡಂ ಎದ್ದರು, ಉಳಿದಿಬ್ಬರೂ ಬೇಕೋ ಬೇಡವೋ ಎಂಬಂತೆ ಎದ್ದರು. ಹಾಸ್ಟೆಲಿನ ತಾರಸಿಗೆ ಕಬ್ಬಿಣದ ಏಣಿ. ಮೇಡಂ ಸೀರೆ ಎತ್ತಿ ಸಿಕ್ಕಿಸಿಕೊಂಡು ಹತ್ತಿದರು. ಮುಚ್ಚಳ ತೆಗೆದಾಗ ಕೆಳಗೆ ನಿಂತಿದ್ದ ನನಗೂ ಬಡಿಯಿತು. ಹಾಸ್ಟೆಲ್ ಹುಡುಗಿಯರು ಕಿಟಕಿಗಳಲ್ಲಿ ನಿಂತು ನೋಡುತ್ತಿದ್ದರು. ಮೇಡಂ ಕೆಳಗಿಳಿದು ಕರವಸ್ತ್ರದಿಂದ ಮೂಗು ಒರೆಸಿಕೊಂಡು, ಇದನ್ನು ವರದಿಯಲ್ಲಿ ಬರೆಯುತ್ತೇನೆ ಎಂದಷ್ಟೇ ಹೇಳಿದರು. ಆಮೇಲೆ ಅವರ ಕಾರು ಹೋಯಿತು. ಶಾಲುಗಳು ಕುರ್ಚಿಯ ಮೇಲೇ ಉಳಿದವು.

ಕಾರು ಗೇಟು ದಾಟಿದ ಮೇಲೆ ದೊಡ್ಡಬಸವರಾಜರು ನಮ್ಮ ಹತ್ತಿರ ಬಂದರು. ದನಿ ಏರಿಸಲಿಲ್ಲ.

"ಟ್ಯಾಂಕು ಇವತ್ತ ತೊಳಸ್ತೀನಿ. ಆ ಹುಡುಗಿ ಹಾಸಿಗಿ ಟ್ರಂಕು ತಗೊಂಡು ಇವತ್ತ ಹೋಗ್ಲಿ. ಪರೀಕ್ಷಿಗೆ ಬೇಕಾದ್ರ ಹೊರಗಿಂದ ಬಂದು ಬರೀಲಿ, ಅದಕ್ಕ ನಾ ಅಡ್ಡ ಬರಂಗಿಲ್ಲ. ನಿಮ್ ವಿಚಾರ ಆಮ್ಯಾಲ ನೋಡೋಣು ಮೇಷ್ಟ್ರೇ."

ಹುಲುಗೇಶ್ ಅವರ ಹಿಂದೆ ಎರಡು ಹೆಜ್ಜೆ ಹೋಗಿ, "ಸರ್, ಮಾತಾಡಿದ್ದು ನಾನು, ಆಕಿ ಅಲ್ಲ" ಎಂದ. ಅವರು ತಿರುಗಿ ನೋಡದೆ ಹೋದರು.

ಬಳ್ಳಾರಿ ಬಸ್ಸಿನಲ್ಲಿ ಟ್ರಂಕನ್ನು ಡ್ರೈವರಿನ ಹಿಂದೆ ಇಟ್ಟು ಕೂತೆವು. ಅಷ್ಟರಲ್ಲಿ ನಾನು ತೀರ್ಮಾನ ಮಾಡಿಯಾಗಿತ್ತು. ಹುಡುಗಿ ನನ್ನ ಮನೆಯಲ್ಲಿ ಇರಲಿ. ಮಗಳ ಮದುವೆಯಾದ ಮೇಲೆ ಅವಳ ಕೋಣೆ ಖಾಲಿ ಇದೆ. ಕುರುಗೋಡಿಗೆ ಬಳ್ಳಾರಿಯಿಂದ ಬಸ್ಸುಗಳಿಗೆ ಬರವಿಲ್ಲ. ಹುಲುಗೇಶ್ ಅದನ್ನು ಕೇಳಿಸಿಕೊಂಡನೋ ಇಲ್ಲವೋ. ತುಂಬ ಹೊತ್ತಿನ ಮೇಲೆ ಅಕ್ಷಿತಾಳನ್ನು ಕೇಳಿದ, "ನಾ ತಪ್ಪು ಮಾಡಿದ್ನೇನ?"

"ಮಾಡಿದ್ರಿ ಸರ್" ಎಂದಳು ಅವಳು. "ನನ್ ಒಂದ್ ಮಾತು ಕೇಳ್ಬೇಕಿತ್ತು. ಸೀಟು ನಂದು. ಬರದಾಕೀನೂ ನಾನ."

ಅವನು ತಲೆ ಆಡಿಸಿದ. ಸಮರ್ಥನೆ ಮಾಡಿಕೊಳ್ಳಲಿಲ್ಲ. ಇವನು ನನ್ನ ಹಳೆಯ ಹುಲುಗೇಶನೇ ಹೌದೋ ಎಂದು ನನಗೆ ಅನುಮಾನ ಬಂತು. ಹುಡುಗಿಯ ಕಣ್ಣು ತುಂಬಿತ್ತು, ಆದರೆ ಅವಳು ಅಳಲಿಲ್ಲ. ಅವಳ ಬದಲು ನನಗೇ ಅಳು ಬಂತು. ಸೆರಗಿನಲ್ಲಿ ಒರೆಸಿಕೊಂಡೆ.

ಬಸ್ಸು ಬಳ್ಳಾರಿ ಹತ್ತಿರ ಬಂದಾಗ ಜೋಗಮ್ಮನ ಫೋನು ಬಂತು. ಅಕ್ಷಿತಾ ಫೋನು ಹಿಡಿದುಕೊಂಡಳೇ ಹೊರತು ಎತ್ತಲಿಲ್ಲ. ಹುಲುಗೇಶ್ ಕೈ ಚಾಚಿ ಅದನ್ನು ಇಸಿದುಕೊಂಡ.

"ಸೀಟು ಉಳೀತೇನ್ರಿ ಸಾರು?" ಬಸ್ಸಿನ ಸದ್ದಿನಲ್ಲೂ ನನಗೆ ಅವಳ ದನಿ ಕೇಳಿಸಿತು.

"ಇಲ್ಲವ್ವಾ. ಹೋತು. ನನ್ನಿಂದ ಹೋತು. ನಾನ ನಾತ ಅಂತ ಹೇಳಿಬಿಟ್ನಿ."

ಜೋಗಮ್ಮ ಬೈದಳು. ನಿಮ್ಮ ಮಾತು ನಂಬಿ ಮಗಳನ್ನು ಕಳಿಸಿದೆನಲ್ಲ ಅಂದಳು. ನಿಮ್ಮ ಪತ್ರಿಕೆಗೆ ಬೆಂಕಿ ಬೀಳಲಿ ಅಂದಳು. ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ, ಉಸಿರು ತೆಗೆದುಕೊಳ್ಳದೆ ಬೈದಳು. ಹುಲುಗೇಶ್ ಒಂದೊಂದಕ್ಕೂ "ಹೌದವ್ವಾ, ಹೌದವ್ವಾ" ಎನ್ನುತ್ತ ಕೂತ. ಬೈಗುಳ ಮುಗಿದ ಮೇಲೆ ಅವಳು ಕೇಳಿದಳು, "ಈಗ ಎಲ್ಲಿ ಮಲಗ್ತಾಳ್ರಿ ಆಕಿ?"

ನಾನು ಫೋನು ತೆಗೆದುಕೊಂಡೆ. "ನಮ್ಮನ್ಯಾಗವ್ವಾ. ಪರೀಕ್ಷಿ ಮುಗಿಯೋ ತನಕ ನನ್ ಮಗಳಂಗ ಇರ್ತಾಳ. ನೀ ಏನೂ ಚಿಂತಿ ಮಾಡ್ಬ್ಯಾಡ."

"ಅಕ್ಕಾ" ಎಂದಳು ಜೋಗಮ್ಮ. "ನಿಮ್ಮನ್ಯಾಗ ನೀರು ಚಲೋ ಅದಾವೇನ್ರಿ?"

ಬಾಯಿಗೆ ಬಂದ ಮೊದಲ ಉತ್ತರವನ್ನು ನುಂಗಿಕೊಂಡೆ. ಕೌಲ್ ಬಜಾರಿನ ನಲ್ಲಿಯ ಹಣೆಬರಹ ನನಗೆ ಗೊತ್ತಿಲ್ಲವೇ. ಪಕ್ಕದಲ್ಲಿ ಅಕ್ಷಿತಾ ನಾನು ಏನು ಹೇಳುತ್ತೇನೆ ಎಂದು ನನ್ನ ಬಾಯನ್ನೇ ನೋಡುತ್ತಿದ್ದಳು.

"ವಾರಕ್ಕೊಂದ್ ಸಲ ಬರ್ತಾವವ್ವಾ" ಎಂದೆ. "ಮೊದಲ ಕೊಡ ಕೆಂಪಗಿರ್ತಾವ, ಚೆಲ್ತೀವಿ. ಉಳಿದದ್ದು ಕಾಸಿ ಕುಡೀತೀವಿ. ಆಕಿಗೂ ಕಾಸೇ ಕೊಡ್ತೀನಿ."